ಹೊಂಡದ ಹಗ್ಗ

ನನ್ನ ತಂಗಿಯ ಮನೆ ಸಾಸ್ವೆಹಳ್ಳಿಯಲ್ಲಿ, ಹೊಳೆಗೆ ಹತ್ತಿರ. ಬೇಸಿಗೆ ರಜೆ ಬಂತೆಂದರೆ ಅವಳಿಗೆ ಜೀವದಲ್ಲಿ ಜೀವ ಇರುತ್ತಿರಲಿಲ್ಲ. ಮರಳು ತೆಗೆದ ಗುಂಡಿಗಳು ಹೊಳೆಯೊಳಗೆ ಎಲ್ಲಿವೆಯೆಂದು ಈಜು ಬಲ್ಲವರಿಗೂ ತಿಳಿಯುವುದಿಲ್ಲ. ಅದಕ್ಕೇ ಹೋದ ಬೇಸಿಗೆ, ಹನ್ನೆರಡು ವರ್ಷದ ಹಿರಿ ಮಗಳನ್ನು ಶಾಲೆ ಮುಗಿದ ಮರುದಿನವೇ ಬಿಳಿಚೋಡಿಗೆ, ನಮ್ಮ ಮನೆಗೆ ತಂದು ಬಿಟ್ಟಳು. "ನಿಮ್ಮೂರಾಗೆ ಮುಳುಗಾಕೆ ನೀರಾದ್ರೂ ಎಲ್ಲೈತೆ ಬಿಡಕ್ಕ, ನಾನು ನಿಶ್ಚಿಂತೆಯಾಗಿ ಇರ್ತೀನಿ" ಎಂದು ನಕ್ಕಳು. ನಾನೂ ನಕ್ಕೆ. ನಮ್ಮ ಕೃಷಿ ಹೊಂಡ ಅವಳಿಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ.

ಹೊಂಡ ಇರುವುದು ಮನೆಯ ಹಿಂದಿನ ಹೊಲದಲ್ಲೇ. ಎರಡಾಳು ಆಳ. ನೀರು ಇಂಗದಿರಲೆಂದು ತಳಕ್ಕೂ ನಾಲ್ಕು ಬದಿಗೂ ಕರಿ ಪ್ಲಾಸ್ಟಿಕ್ ಹಾಳೆ ಹಾಸಿದ್ದೇವೆ. ಕರೆಂಟು ಇದ್ದಾಗ ಬೋರ್‌ವೆಲ್ ನೀರು ತುಂಬಿಸಿಕೊಂಡು ಟೊಮೆಟೊಗೆ ಬಿಡುತ್ತೇವೆ. ಆ ಹಾಳೆಗೆ ಪಾಚಿ ಕಟ್ಟಿತೆಂದರೆ ಬೆಕ್ಕೂ ಹತ್ತಿ ಬರಲಾರದು. ಅದಕ್ಕಾಗಿ ನಮ್ಮ ಯಜಮಾನರು ಒಂದು ಮೂಲೆಯಲ್ಲಿ ಗೂಟ ಬಡಿದು, ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿ ನೀರಿಗೆ ಇಳಿಬಿಟ್ಟಿದ್ದರು. ಯಾರಾದರೂ ಜಾರಿದರೆ ಅದನ್ನು ಹಿಡಿದೇ ಮೇಲೆ ಬರಬೇಕು, ಬೇರೆ ದಾರಿಯಿಲ್ಲ.

ನಾಲ್ಕನೇ ದಿನ ಹುಡುಗಿ ಒದ್ದೆ ಜಡೆಯಲ್ಲಿ ಮನೆಗೆ ಬಂದಳು.

"ಎಲ್ಲಿ ಬಿದ್ದು ಬಂದ್ಯೇ?"

"ಬಿದ್ದಿಲ್ಲ ದೊಡ್ಡಮ್ಮ, ಹೊಂಡದಾಗೆ ಈಜಿ ಬಂದೆ. ಹಗ್ಗ ಐತಲ್ಲ, ಹತ್ತಾಕೆ ಸಲೀಸು."

"ಹೊಳೆದಂಡೆ ಹುಡುಗಿ, ನೀರು ಬಿಟ್ಟು ಹೆಂಗಿರ್ತಾಳೆ" ಎಂದು ಯಜಮಾನರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಬೈದೆ, ನನ್ನ ತಲೆ ಮುಟ್ಟಿಸಿ ಆಣೆ ಮಾಡಿಸಿದೆ. ಮರುದಿನ ಜಡೆ ಮತ್ತೆ ಒದ್ದೆ.

ನನ್ನದು ಮೊದಲಿಂದಲೂ ಮೂಗಿನ ತುದಿಯ ಸಿಟ್ಟು. ಅಂದು ಸಂಜೆ ಯಜಮಾನರು ಟೊಮೆಟೊ ಹೇರಿಕೊಂಡು ಮಾರ್ಕೆಟ್ಟಿಗೆ ಹೊರಟ ಮೇಲೆ ಸೀದಾ ಹೋಗಿ ಹಗ್ಗ ಬಿಚ್ಚಿದೆ. ಸುತ್ತಿ ತಂದು ಅಟ್ಟಕ್ಕೆ ಎಸೆದೆ. ಹುಡುಗಿಗೆ ಹೇಳಲಿಲ್ಲ, ಯಜಮಾನರಿಗೂ ಹೇಳಲಿಲ್ಲ. ಪಕ್ಕದ ಮನೆಯಾಕೆಯ ಮುಂದೆ ಮಾತ್ರ ಬಾಯಿಬಿಟ್ಟೆ. "ಹತ್ತಾಕೆ ಹಗ್ಗ ಇದ್ರೆ ತಾನೇ ಇಳಿಯಾದು?" ಎಂದೆ. "ಭಾರಿ ತಲೆ ಕಣವ್ವ ನಿಂದು" ಎಂದಳು ಆಕೆ. ನಾನು ಉಬ್ಬಿಹೋದೆ.

ಇಳಿಯುವ ಮೊದಲು ಅವಳು ಹಗ್ಗ ನೋಡುತ್ತಾಳೆಂದು ಅದ್ಹೇಗೆ ನಂಬಿದೆನೋ. ಹೊಳೆಯಲ್ಲಿ ಈಜು ಕಲಿತ ಮಕ್ಕಳು ಓಡಿಬಂದು ಧುಮುಕುತ್ತಾರೆ, ದಡ ಹುಡುಕುವುದು ಆಮೇಲೆ.

ಮರುದಿನ ಮಧ್ಯಾಹ್ನ ಉಂಡು ಅಡ್ಡಾಗಿದ್ದೆ. ಎಚ್ಚರವಾದಾಗ ಪಕ್ಕದ ಚಾಪೆ ಖಾಲಿ. ಹೊರಗೆ ಕೆಂಡದಂಥ ಬಿಸಿಲು, ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ಹಿತ್ತಿಲ ಬಾಗಿಲು ತೆರೆದಿತ್ತು. ಹೊಂಡದ ಕಡೆಯಿಂದ ನೀರು ಬಡಿಯುವ ಸದ್ದು ಕೇಳಿತು. ನಿಂತು ಕೇಳಿಸಿಕೊಂಡೆ. ಅದು ಆಟದ ಸದ್ದಲ್ಲವೆಂದು ಗೊತ್ತಾಗಿ ಓಡಿದೆ.

ಅವಳು ಗೂಟದ ಮೂಲೆಯಲ್ಲೇ ಇದ್ದಳು. ಎರಡೂ ಕೈಯಿಂದ ಹಾಳೆ ಪರಚುವಳು, ಒಂದು ಗೇಣು ಮೇಲೆ ಬರುವಳು, ಜಾರಿ ಮುಳುಗುವಳು. ಕೂಗಲು ಉಸಿರೇ ಉಳಿದಿರಲಿಲ್ಲ. ನನಗೆ ಈಜು ಬಾರದು. ಏರಿಯ ಮೇಲೆ ಸ್ಪ್ರಿಂಕ್ಲರ್ ಪೈಪುಗಳು ಬಿದ್ದಿದ್ದವು. ಒಂದನ್ನು ನೀರಿಗೆ ಇಳಿಸಿದೆ. ಮೊದಲ ಸಲ ಅವಳ ಕೈ ತಪ್ಪಿತು, ಎರಡನೇ ಸಲ ಹಿಡಿದಳು. ಎಳೆಯಲು ಶಕ್ತಿ ಸಾಲದೆ ಗೂಟಕ್ಕೆ ಕಾಲು ಕೊಟ್ಟು ಬರೀ ಹಿಡಿದು ಕೂತೆ, ಗಂಟಲು ಹರಿಯುವಂತೆ ಕೂಗಿದೆ. ಆಚೆ ಹೊಲದಲ್ಲಿ ಕುರಿ ಕಾಯುತ್ತಿದ್ದವರು ಓಡಿಬಂದು ಕೈಹಾಕಿದ ಮೇಲೆ ಅವಳು ಮೇಲೆ ಬಂದಳು.

ಏರಿಯ ಮೇಲೆ ನೀರು ಕಾರಿಕೊಂಡು, ಉಸಿರು ಹತೋಟಿಗೆ ಬಂದ ಮೇಲೆ ಕೇಳಿದಳು. "ಮೂಲೆ ತಪ್ಪೈತೆ ಅನ್ಕಂಡು ನಾಲ್ಕೂ ಮೂಲೆ ಸುತ್ತಿದೆ ದೊಡ್ಡಮ್ಮ. ಹಗ್ಗ ಎಲ್ಲೋಯ್ತು?"

"ಹರಿದು ಬಿದ್ದಿರ್ಬೇಕು ಕಣಮ್ಮ" ಎಂದೆ. ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ಈಗಲೂ ನಾಚಿಕೆಯಾಗುತ್ತದೆ.

ಯಜಮಾನರು ಮಾರ್ಕೆಟ್ಟಿಂದ ಬಂದವರು ಗೂಟ ನೋಡಿದರು, ನನ್ನ ಮುಖ ನೋಡಿದರು. ಹೊಸ ಹಗ್ಗ ಕಟ್ಟಿದರು, ಸುತ್ತಲೂ ತಂತಿ ಬೇಲಿ ಹಾಕಿಸಿದರು. ಅವರು ಬೈದಿದ್ದರೆ ಚೆನ್ನಾಗಿತ್ತು. ತಂಗಿ ಅಳುತ್ತ ಬಂದು ನನ್ನ ಕಾಲು ಹಿಡಿದಳು. "ನೀನಿಲ್ದಿದ್ರೆ ನನ್ನ ಮಗಳು ನಂಗೆ ಸಿಗ್ತಿರ್ಲಿಲ್ಲ ಅಕ್ಕ" ಎಂದಳು. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನೆರೆದವರೆಲ್ಲ ಹೌದು ಹೌದು ಎಂದರು.

ಈ ಬೇಸಿಗೆ ತಂಗಿ ಫೋನು ಮಾಡಿದ್ದಾಳೆ. "ಈ ಸಲ ಚಿಕ್ಕವಳನ್ನೂ ಕಳಿಸ್ತೀನಕ್ಕ. ಅವ್ಳಿಗಿನ್ನೂ ಈಜು ಬರಲ್ಲ. ನಿನ್ನ ಹತ್ರ ಇದ್ರೆ ನಂಗೆ ಯಾವ ಭಯಾನೂ ಇಲ್ಲ."

"ಕಳಿಸು" ಎಂದೆ.