ಪುಸ್ತಕಕ್ಕೊಂದು ಸುಳ್ಳು

ಪ್ರಕಾಶನದ ಕಚೇರಿಯಲ್ಲಿ ಅವರನ್ನು ಎಲ್ಲರೂ ಮೂರಕ್ಷರದ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಪಾಠ ಹೇಳಿದವರೇನಲ್ಲ, ಕರಡು ತಿದ್ದುವವರು. ಲೋಕದ ಜನ ನಾಲ್ಕಕ್ಷರ ಕಲಿತು ಉದ್ಧಾರವಾಗುತ್ತಾರೆ. ಈ ಪುಣ್ಯಾತ್ಮ ಮೂವತ್ತೊಂದು ವರ್ಷ ಮೂರರಲ್ಲೇ ಹೊಟ್ಟೆ ಹೊರೆದರು. ಅಂಗಿ ಜೇಬಿಗೆ ಹಿಡಿಸುವ ಕಿರುಪುಸ್ತಕಗಳನ್ನು ತಯಾರಿಸುವುದು ಅವರ ಕೆಲಸ. ಕ್ಯಾಟ್, ಮ್ಯಾಟ್, ಹ್ಯಾಟ್ ಎಂದು ಒಂದೇ ಬಾಲದ, ಮೂರೇ ಅಕ್ಷರದ ಇಂಗ್ಲಿಷ್ ಪದಗಳಿಗೆ ಒಂದು ಪುಸ್ತಕ. ಬಾಕ್ಸ್, ಫಾಕ್ಸ್, ವ್ಯಾಕ್ಸ್ ಎಂದು ಎಕ್ಸ್ ಅಕ್ಷರದವಕ್ಕೆ ಇನ್ನೊಂದು. ಝಡ್ ಇರುವವಕ್ಕೆ ಮತ್ತೊಂದು. ಪಕ್ಕದಲ್ಲಿ ಕನ್ನಡದ ಅರ್ಥ. ಹೀಗೆ ಒಟ್ಟು ಹದಿನಾಲ್ಕು.

ಎದುರು ಬೀದಿಯ ಪ್ರಕಾಶಕನೊಬ್ಬ ಇವನ್ನು ಹೊದಿಕೆ ಬದಲಿಸಿ ಇದ್ದ ಹಾಗೇ ಅಚ್ಚು ಹಾಕಿಸತೊಡಗಿದ. ಕೇಳಿದರೆ, ಪದಗಳೇನು ನಿಮ್ಮಪ್ಪನ ಮನೆಯವೇ ಎಂದನಂತೆ. ಮೇಷ್ಟ್ರ ಯಜಮಾನರೂ ಕಡಿಮೆಯವರಲ್ಲ. ಮುಂದಿನ ಮುದ್ರಣದಲ್ಲಿ ಪುಸ್ತಕಕ್ಕೊಂದು ಸುಳ್ಳು ಸೇರಿಸಿ ಎಂದು ಅಪ್ಪಣೆ ಕೊಟ್ಟರು. ಅದೂ ಅವನ ಪುಸ್ತಕದಲ್ಲಿ ಬಂದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಮೇಷ್ಟ್ರು ಕೆಲವು ಪುಸ್ತಕಗಳಲ್ಲಿ ಇಲ್ಲದ ಪದವನ್ನೇ ಹುಟ್ಟಿಸಿದರು, ಕೆಲವುಗಳಲ್ಲಿ ನಿಜವಾದ ಪದಕ್ಕೆ ತಪ್ಪು ಅರ್ಥ ಕೊಟ್ಟರು. ಎಲ್ಲ ಸುಳ್ಳುಗಳ ಪಟ್ಟಿ ಯಜಮಾನರ ಬೀರುವಿನಲ್ಲಿತ್ತು. ಯಜಮಾನರು ತೀರಿಕೊಂಡ ಮೇಲೆ ಅವರ ಮಗ ಬೀರುವಿನಲ್ಲಿದ್ದ ಕಾಗದವನ್ನೆಲ್ಲ ರದ್ದಿಗೆ ಹಾಕಿದ. ಮೇಷ್ಟ್ರು ನಿವೃತ್ತರಾದರು, ಕಣ್ಣು ಮಂಜಾಯಿತು, ಸುಳ್ಳುಗಳೂ ಮರೆತುಹೋದವು.

ಅವರ ಅಕ್ಕನ ಮಗಳಿಗೆ ಇಪ್ಪತ್ತೇಳು ವರ್ಷ, ಮನೆಯವರಿಗೆ ಮಾತ್ರ ಇನ್ನೂ ಪುಟ್ಟಿ. ಹತ್ತು ವರ್ಷದಿಂದ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ನಿಂತೇ ಗುಂಡಿ ಹಾಕಿ ಹಾಕಿ ಅವಳ ಕಾಲಿನ ನರಗಳು ಉಬ್ಬಿದ್ದವು. ಕಣ್ಣಾಸ್ಪತ್ರೆಯೊಂದರಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಕೆಲಸ ಖಾಲಿಯಾಯಿತು. ಕೂತು ಮಾಡುವ ಕೆಲಸ. ಅದಕ್ಕೆ ಒಂದಿಷ್ಟು ಇಂಗ್ಲಿಷ್ ಬೇಕು ಅಷ್ಟೇ. ಮಾವ ಹದಿನಾಲ್ಕೂ ಪುಸ್ತಕ ಕೊಟ್ಟರು. ಅವಳು ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ, ಒಲೆ ಮುಂದೆ ಕೂತು ಬಾಯಿಪಾಠ ಮಾಡಿದಳು. ಎಂಟು ತಿಂಗಳಿಗೆ ಸಾವಿರ ಪದ ನಾಲಗೆ ತುದಿಯಲ್ಲಿದ್ದವು. ಅವಳು ಒಪ್ಪಿಸುವುದನ್ನು ಮೇಷ್ಟ್ರು ಕಣ್ಣು ಮುಚ್ಚಿ ಕೇಳುತ್ತಿದ್ದರು, ಹೆಮ್ಮೆಯಿಂದ. ಒಂದು ಸಲವಾದರೂ ತಡೆದು ನಿಲ್ಲಿಸಬಾರದಿತ್ತೇ?

ಸಂದರ್ಶನದಲ್ಲಿ ಮೇಲ್ವಿಚಾರಕಿ ಕಾರ್ಖಾನೆಯ ಕೆಲಸ ಯಾಕೆ ಬಿಡುತ್ತೀ ಎಂದು ಕೇಳಿದಳು. ತನಗೆ 'ಝೆಮ್' ಆಗಿದೆ ಎಂದಳು ಪುಟ್ಟಿ. ದಿನವಿಡೀ ನಿಂತವರ ಕಾಲಿಗೆ ಬರುವ ಆಯಾಸ ಎಂದು ಪುಸ್ತಕದಲ್ಲಿತ್ತು. ಹಾಗೊಂದು ಪದವೇ ಇಲ್ಲವೆಂದು ಆಕೆ ನಿಘಂಟು ತೆಗೆದು ತೋರಿಸಿದಳು. ಪಕ್ಕದಲ್ಲಿದ್ದವರು ನಕ್ಕರು. ಉಳಿದದ್ದೆಲ್ಲ ಚೆನ್ನಾಗಿದ್ದುದರಿಂದ, ಸರಿಯಾಗಿ ಕಲಿತು ಗುರುವಾರ ಇನ್ನೊಮ್ಮೆ ಬಾ ಎಂದು ಕಳಿಸಿದಳು.

ಪುಟ್ಟಿ ಬಂದು ಹೇಳಿದಾಗ ಮೇಷ್ಟ್ರಿಗೆ ಯಜಮಾನರ ಆ ಅಪ್ಪಣೆ ನೆನಪಾಯಿತು. ಮುಚ್ಚಿಡಬಹುದಿತ್ತು, ಅಚ್ಚಿನ ತಪ್ಪು ಅನ್ನಬಹುದಿತ್ತು. ಅನ್ನಲಿಲ್ಲ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ ಕಥೆಯನ್ನು ಒಂದೂ ಬಿಡದೆ ಹೇಳಿದರು.

ಅವಳು ಅಳಲಿಲ್ಲ. "ಇನ್ನೂ ಹದಿಮೂರು ಇವೆ ಅಂದ್ರೆ. ಯಾವ್ಯಾವು ಮಾವ?" ಅಂದಳು.

"ನೆನಪಿಲ್ಲ ಕಣೇ."

ಮಂಗಳವಾರ, ಬುಧವಾರ ಮೇಷ್ಟ್ರು ಕಿಟಕಿ ಪಕ್ಕ ಕೂತು, ಭೂತಗನ್ನಡಿ ಹಿಡಿದು, ಸಾವಿರ ಪದಗಳನ್ನೂ ಅವುಗಳ ಅರ್ಥಗಳನ್ನೂ ನಿಘಂಟಿನ ಜೊತೆ ಒಂದೊಂದಾಗಿ ತಾಳೆ ನೋಡುತ್ತ ಹೋದರು. ಕಣ್ಣಲ್ಲಿ ನೀರು ಸುರಿಯಿತು, ಕುತ್ತಿಗೆ ಕಟ್ಟಿಗೆಯಾಯಿತು. ಬುಧವಾರ ಬೆಳಕು ಹೋಗುವ ಹೊತ್ತಿಗೆ ಇನ್ನೂ ಒಂಬತ್ತು ಸಿಕ್ಕಿದ್ದವು. ನಾಲ್ಕು ಪುಸ್ತಕ ಉಳಿದವು. ಆ ನಾಲ್ಕರ ಪದಗಳನ್ನು ಆಡಬೇಡ ಎಂದರು. ಆದರೆ ಅವಳ ತಲೆಯಲ್ಲಿ ಅವು ಪುಸ್ತಕಪುಸ್ತಕವಾಗಿ ಇರಲಿಲ್ಲ, ಅಕ್ಕಿ ಬೇಳೆ ಬೆರೆತ ಹಾಗೆ ಬೆರೆತಿದ್ದವು.

ಗುರುವಾರ ಮಧ್ಯಾಹ್ನ ಪುಟ್ಟಿ ಆಸ್ಪತ್ರೆಯಿಂದ ನೇರ ಮಾವನ ಮನೆಗೆ ಬಂದಳು. ಚಪ್ಪಲಿ ಬಿಟ್ಟು ಗೋಡೆಗೆ ಒರಗಿ ಕೂತು, ನಾಳೆ ಬೆಳಿಗ್ಗೆ ಕಾರ್ಖಾನೆ ಪಾಳಿಗೆ ಹೋಗಬೇಕು ಅಂದಳು. ಪ್ರಶ್ನೆಗಳು ಕಷ್ಟದವಿದ್ದವೇ ಎಂದು ಮೇಷ್ಟ್ರು ಕೇಳಿದರು. ಸುಲಭದವೇ, ಆದರೆ ಎಸ್, ನೋ ಬಿಟ್ಟು ಬೇರೇನೂ ಬಾಯಿಂದ ಹೊರಡಲಿಲ್ಲ, ಇಂಗ್ಲಿಷ್ ಬರುವುದಿಲ್ಲ ಎಂದು ಬರೆದುಕೊಂಡರು ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮೇಷ್ಟ್ರಿಗೆ ಅಷ್ಟಾದರೂ ಹಗುರಾಗುತ್ತಿತ್ತು.

"ಕಲಿತಿದ್ದೆಲ್ಲ ಮರೆತುಹೋಯ್ತೇನೇ?"

"ಒಂದೂ ಮರೆತಿರಲಿಲ್ಲ ಮಾವ," ಅಂದಳು, ಕಾಲು ನೀವಿಕೊಳ್ಳುತ್ತ. "ಯಾವುದು ನಿಮ್ಮದು ಅಂತ ಮಾತ್ರ ಗೊತ್ತಾಗಲಿಲ್ಲ."