ಆನೆಕಾಲಲ್ಲ, ನಮ್ಮಮ್ಮನ ಕಾಲು

ಅರವತ್ತರ ದಶಕದ ಮಾತು. ಜಾಲಹಳ್ಳಿ ಕಡೆ ಒಂದು ಕಾರ್ಖಾನೆಯಲ್ಲಿ ಹೆಂಗಸರನ್ನೂ ಕೆಲಸಕ್ಕೆ ತಗೊಳ್ತಾರೆ ಅಂತ ಗೊತ್ತಾಗಿ ದಾಸರಹಳ್ಳಿಯಿಂದ ನಡ್ಕೊಂಡೇ ಹೋಗಿದ್ದೆ. ಪರೀಕ್ಷೆ ಪಾಸಾಯ್ತು, ಉಳಿದಿದ್ದು ಮೆಡಿಕಲ್ ಒಂದೇ. ಸೀರೆ ನೆರಿಗೆ ಸ್ವಲ್ಪ ಮೇಲೆತ್ತಿದ್ದೇ ತಡ, ನರ್ಸಮ್ಮ ಹಿಂದಕ್ಕೆ ಸರಿದು "ಅಯ್ಯೋ, ಆನೆಕಾಲು!" ಅಂದುಬಿಟ್ರು.

ನಂಗೆ ರೇಗಿಹೋಯ್ತು. "ಆನೆಕಾಲಲ್ಲ ಕಣ್ರೀ, ನಮ್ಮಮ್ಮನ ಕಾಲು. ನಮ್ಮಜ್ಜೀದೂ ಹಿಂಗೇ ಇತ್ತು" ಅಂದೆ.

ಆ ಮಾತು ಕೇಳಿ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಎದ್ದು ಬಂದ್ರು. ನನ್ನ ಎರಡೂ ಕಾಲು ಒಂದೇ ಸಮ ದಪ್ಪ. ಆದರೆ ಆ ದಪ್ಪ ಗೆಜ್ಜೆ ಕಟ್ಟೋ ಜಾಗದಲ್ಲಿ ಗೆರೆ ಎಳೆದ ಹಾಗೆ ನಿಂತುಹೋಗಿ, ಪಾದ ಮಾತ್ರ ಸಣ್ಣಗಿತ್ತು; ಮದುವೆಯಲ್ಲಿ ಹಾಕಿದ ಕಾಲುಂಗುರ ಇನ್ನೂ ಸಲೀಸಾಗಿ ತಿರುಗ್ತಿತ್ತು. ಅವರು ಮೆಲ್ಲಗೆ ಒತ್ತಿದ್ದಕ್ಕೇ ನಾನು "ಅಮ್ಮಾ" ಅಂದೆ.

"ಸುಮ್ಮನೆ ತಾಗಿದ್ರೂ ನೀಲಿಗಟ್ಟುತ್ತಾ?"

"ಹೂಂ."

"ಊಟ ಕಮ್ಮಿ ಮಾಡಿದ್ರೆ ಇಳಿಯುತ್ತಾ?"

"ನಮ್ಮತ್ತೆ ತಿಂಗಳುಗಟ್ಟಲೆ ಬರೀ ಹುರುಳಿಕಟ್ಟು ಕುಡಿಸಿದ್ರು ಡಾಕ್ಟ್ರೇ. ಮುಖ ಒಣಗ್ತು, ಕಾಲು ಹಂಗೇ ಇದೆ."

ಡಾಕ್ಟರಮ್ಮ ನಕ್ಕು, "ಇದು ಆನೆಕಾಲಲ್ಲ, ಲಿಪೊಎಡಿಮಾ. ಚರ್ಮದ ಕೆಳಗೆ ಕೊಬ್ಬು ಸೇರ್ಕೊಳ್ಳೋದು, ವಂಶದಲ್ಲಿ ಬರುತ್ತೆ. ಯಾರಿಗೂ ಅಂಟಲ್ಲ" ಅಂದ್ರು. ಆಮೇಲೆ ದನಿ ತಗ್ಗಿಸಿ, "ಇಳಿಸೋಕೆ ನನ್ನ ಹತ್ರ ಔಷಧಿ ಇಲ್ಲಮ್ಮ."

"ಇಳಿಸ್ಕೊಳ್ಳೋಕೆ ಬಂದಿಲ್ಲ ಡಾಕ್ಟ್ರೇ, ಕೆಲಸಕ್ಕೆ ಬಂದಿದ್ದೀನಿ."

ಕೆಲಸ ಸಿಕ್ತು. ಹುರುಳಿಕಟ್ಟೂ ನಿಂತುಹೋಯ್ತು. ಆ ಕಾಯಿಲೆ ಹೆಸರು ಹೇಳೋಕೆ ನಮ್ಮತ್ತೆಗೆ ಕೊನೆವರೆಗೂ ನಾಲಿಗೆ ಹೊರಳಲಿಲ್ಲ. ಹಾಗಂತ ಬಾವಿಕಟ್ಟೆ ಹತ್ರ ಅವರು ಸುಮ್ಮನಿರಲೂ ಇಲ್ಲ: "ನಿಮ್ ಸೊಸೇರ್ದೆಲ್ಲಾ ಬರೀ ಕಾಲು ಕಣ್ರಮ್ಮಾ. ನಮ್ ಸೊಸೇದು ಇಂಗ್ಲೀಸ್ ಕಾಲು!"