ಅಕ್ಕನ ಮಗನ ಲ್ಯಾಪ್‌ಟಾಪ್
ಸಿಂಧನೂರಿನ ಭತ್ತದ ವ್ಯಾಪಾರಿ ಆದೆಪ್ಪ ಸಾಹುಕಾರರಿಗೆ ಐವತ್ತೆಂಟು ದಾಟಿದೆ. ಆದರೂ ಕಡಿಮೆ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪಿನ ಬಗ್ಗೆ ಅವರಷ್ಟು ವಿಚಾರಿಸಿದ ಗಿರಾಕಿಯನ್ನು ಮೂರು ಊರಿನ ಅಂಗಡಿಯವರೂ ಕಂಡಿಲ್ಲ. ಲಿಂಗಸುಗೂರಿನಲ್ಲಿ ಅದು ಅಕ್ಕನ ಮಗನಿಗೆ, ಮಸ್ಕಿಯಲ್ಲಿ ಷಡ್ಡಕನ ಮಗನಿಗೆ, ಸಿಂಧನೂರಿನಲ್ಲಿ ಹೆಸರೇ ನೆನಪಾಗದ ಯಾವನೋ ಬೀಗರ ಹುಡುಗನಿಗೆ. "ನನಗಲ್ಲ ತಗೋರಿ, ಈ ವಯಸ್ಸಿನ್ಯಾಗ ನನಗ್ಯಾಕ," ಎನ್ನದೆ ಅವರು ಮಾತು ಶುರು ಮಾಡಿದ್ದೇ ಇಲ್ಲ. ರೇಸಿನ ಆಟ ಹಾಕಿಸಿ, ತಾವೇ ನಾಲ್ಕು ಸುತ್ತು ಕಾರು ಓಡಿಸಿ, ಚೀಲದೊಳಗೆ ಕೈ ತೂರಿ ಭತ್ತದ ಕಾವು ನೋಡುವಂತೆಯೇ ಲ್ಯಾಪ್‌ಟಾಪಿನ ಅಡಿಗೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಾರೆ. "ಗ್ರಾಫಿಕ್ಸ್ ಕಾರ್ಡ್ ಚಲೋ ಐತಿ, ಫ್ಯಾನ್ ಸಾಲದು. ಮಾಲು ಬಿಸಿ ಹಿಡದೈತಿ," ಎಂದು ತೀರ್ಪು ಕೊಟ್ಟು, ಇಷ್ಟನ್ನೂ ನಿಂತೇ ಮುಗಿಸಿ, ಗುರುತಿನವರು ನೋಡಿಯಾರೆಂದು ಹೊರಟುಬಿಡುತ್ತಾರೆ. ಮೊನ್ನೆ ಸೀರೆಗೆಂದು ಲಿಂಗಸುಗೂರಿಗೆ ಜೊತೆಗೆ ಬಂದಿದ್ದ ಹೆಂಡತಿ ಸಂಗಮ್ಮ ತಾವಾಗಿಯೇ ಲ್ಯಾಪ್‌ಟಾಪ್ ಅಂಗಡಿಯ ಮೆಟ್ಟಿಲು ಹತ್ತಿದರು. ಅಂಗಡಿಯವನು ಎಂದಿನಂತೆ, "ಈ ಸಲ ಯಾರಿಗ್ರೀ?" ಎಂದ. ಸಂಬಂಧಿಕರ ಮಕ್ಕಳನ್ನೆಲ್ಲ ಬಲ್ಲ ಹೆಂಡತಿಯ ಎದುರು ಸಾಹುಕಾರರ ಬಾಯಿಗೆ ಒಬ್ಬ ಹುಡುಗನೂ ಬರಲಿಲ್ಲ. "ಇವರಿಗೇರೀ," ಎಂದರು ಸಂಗಮ್ಮ. "ಮೊಬೈಲ್‌ನ್ಯಾಗ ಕಾರು ಓಡಿಸಿ ಓಡಿಸಿ ಕಣ್ಣು ಕೆಂಪಗ ಮಾಡ್ಕೊಂಡಾರ. ಇಬ್ರು ಕೂಡಿ ಆಡೋ ಆಟ ಬರತೈತೇನು ಇದ್ರಾಗ, ನೋಡ್ರಿ." ಬೆನ್ನ ಮೇಲಿನ ಚೀಲ ಇಳಿಸಿದವರಂತೆ ಸಾಹುಕಾರರು ಆ ಅಂಗಡಿಯಲ್ಲಿ ಮೊದಲ ಸಲ ಕುರ್ಚಿ ಎಳೆದುಕೊಂಡು ಕುಳಿತರು, ಪಕ್ಕಕ್ಕೆ ಇನ್ನೊಂದನ್ನೂ ಎಳೆದಿಟ್ಟರು.